ಕಾರಿನೊಳಗೊಬ್ಬಳು ಅತ್ತೆ

೧೨ ಅಕ್ಟೋಬರ್ ೨೦೦೮, ಭಾನುವಾರ

ಈ ಡೈರಿ ಔಷಧಿ ಕಂಪನಿಯವರು ಕಣ್ಣಿನ ಡಾಕ್ಟರಿಗೆ ಕೊಟ್ಟದ್ದು, ಡಾಕ್ಟರು ನನ್ನ ಮಗ ಪರಮೇಶನಿಗೆ ಕೊಟ್ಟದ್ದು, ಪರಮೇಶ ಮೂಲೆಗೆ ಎಸೆದದ್ದು. ಜನವರಿಯಿಂದ ಹಾಳೆಗಳು ಬರಿದೇ ಬಾಯಿ ತೆರೆದುಕೊಂಡು ಬಿದ್ದಿವೆ. ನಾನು ಮೂರನೇ ಕ್ಲಾಸು ಓದಿದವಳು. ಒತ್ತು ತಪ್ಪಿದರೆ ತಪ್ಪಲಿ, ಓದುವವಳೂ ನಾನೇ. ಮನೆಯಲ್ಲಿ ಬಾಯಿಬಿಟ್ಟು ಬೈದರೆ ಸೊಸೆ ದುರ್ಗಾ ಕಣ್ಣಿನಲ್ಲೇ ತಡೆಯುತ್ತಾಳೆ. ಹಾಗಾಗಿ ಇಲ್ಲಿ ಬೈದುಕೊಳ್ಳುತ್ತೇನೆ.

ಮೊದಲನೆಯದು ಮಗನಿಗೆ. ಮೀಸೆ ಬಂದಾಗಿನಿಂದ ಸ್ಟೇರಿಂಗು ಹಿಡಿದವನು. ಚಿತ್ರದುರ್ಗದ ನಿರಂಜನ್ ಡಾಕ್ಟರಿಗೆ ಡ್ರೈವರ್. ಸೋಮವಾರ ಹೊಸದುರ್ಗ, ಗುರುವಾರ ಹೊಳಲ್ಕೆರೆ, ಶನಿವಾರ ಹಿರಿಯೂರು, ಎಲ್ಲಿ ಪೊರೆ ಬಂದ ಕಣ್ಣಿದೆಯೋ ಅಲ್ಲಿಗೆ ಡಾಕ್ಟರನ್ನು ಕರೆದೊಯ್ಯುವವನು. ಹೋದ ಸಂಕ್ರಾಂತಿ ಹಿಂದುಮುಂದು, ಬಾಗೂರಿನ ಕ್ಯಾಂಪು ಮುಗಿಸಿ ಬರುವಾಗ ಒಂದು ತಿರುವಿನಲ್ಲಿ ಯಾರೋ, ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಅಂತ, ರಸ್ತೆಗೇ ಹುರುಳಿ ಗಿಡ ಹರಡಿದ್ದರು. ಅದರ ಮೇಲೆ ಕಾರು ಜಾರಿ, ಹಿಂಭಾಗ ಮುಂದಕ್ಕೆ ಬಂದು, ಚರಂಡಿಗೆ ಬಿದ್ದು ಮಗುಚಿತು. ಪರಮೇಶನ ಹೆಗಲ ಮೂಳೆ, ಡಾಕ್ಟರ ಬಲಗೈ ಮಣಿಕಟ್ಟು, ಎರಡೂ ಮುರಿದವು. ಪೊರೆ ತೆಗೆಯುವ ಕೈ.

ಡಾಕ್ಟರ ಕೈ ಕೂಡಿತು, ಮತ್ತೆ ಆಪರೇಷನ್ನು ಮಾಡುತ್ತಿದ್ದಾರೆ. ಇವನ ಹೆಗಲೂ ಕೂಡಿತು, ಧೈರ್ಯ ಮಾತ್ರ ಕೂಡಿಲ್ಲ. "ನನ್ನ ಕೈ ಸರಿ ಇಲ್ಲವ್ವ" ಎನ್ನುತ್ತಾನೆ. ಲೋಟ ಹಿಡಿದರೆ ಚಹಾ ತುಳುಕುತ್ತದೆ. ಅವತ್ತಿನಿಂದ ಸ್ಟೇರಿಂಗು ಮುಟ್ಟಿಲ್ಲ, ಬಸ್ಸಿನಲ್ಲಿ ಮುಂದಿನ ಸೀಟಿಗೂ ಕೂರುವುದಿಲ್ಲ.

ಎರಡನೆಯ ಬೈಗುಳ ಆ ಹುರುಳಿ ಹರಡಿದವರಿಗೆ. ಅವರ ಕೈ ಸೇದಿಹೋಗಲಿ. ಅವರಿಗೆ ಕಣ ಇರಲಿಲ್ಲವೇ? ರಸ್ತೆ ಅವರಪ್ಪನದೇ?

೨೦ ಅಕ್ಟೋಬರ್, ಸೋಮವಾರ

ಡಾಕ್ಟರು ಹೊಸ ಕಾರು ತಂದಿದ್ದಾರೆ. ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ ಮುಂದೆ ನಿಲ್ಲಿಸಿ ಮಜ್ಜಿಗೆ ಕೇಳಿದರು. ಬಾಡಿಗೆ ಡ್ರೈವರ್ ಬೀಡಿ ಸೇದಲು ಆಚೆ ಹೋದ. ಪರಮೇಶ ಹಿತ್ತಲಿಗೆ ಹೋದ.

"ಅಜ್ಜಿ, ಈ ಡ್ರೈವರ್ ವರ್ಷದ ಕೊನೇ ತನಕ ಅಷ್ಟೇ ಇರೋದು. ಆಮೇಲೆ ಒಬ್ಬನ್ನ ಕಾಯಂ ಇಟ್ಕೋಬೇಕು. ನನಗೆ ಪರಮೇಶನೇ ಬೇಕು. ಅದಕ್ಕೇ ಈ ಕಾರು ತಗಂಡೆ" ಎಂದರು.

"ಈ ಕಾರಲ್ಲಿ ಏನು ಹೆಚ್ಗೆ ಐತಪ್ಪ? ಕೊಂಬು ಬಂದಾವಾ?"

"ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಅಂತ ಐತೆ. ಕಾರು ಜಾರಿದ್ರೆ ಅದೇ ಹಿಡ್ಕಂತದೆ."

"ಯಾರು ಹಿಡ್ಕಳೋದು? ಒಳಗೆ ಯಾರನ್ನಾದ್ರೂ ಕುಂಡ್ರಿಸಿದಾರಾ?"

ಡಾಕ್ಟರು ನಕ್ಕು, ನಾನು ಬಿಡಿಸಿಟ್ಟಿದ್ದ ಹುಣಸೆ ಬೀಜದಲ್ಲಿ ನಾಲ್ಕು ಎತ್ತಿ ಕಟ್ಟೆಯ ಮೇಲೆ ಗಾಲಿಯಂತೆ ಇಟ್ಟರು. ಡ್ರೈವರ್ ಸ್ಟೇರಿಂಗನ್ನು ಎಷ್ಟು ತಿರುಗಿಸಿದ ಎಂದು ಒಂದು ಯಂತ್ರ ನೋಡುತ್ತಿರುತ್ತದಂತೆ. ಕಾರಿನ ಮೈ ನಿಜವಾಗಿ ಎಷ್ಟು ತಿರುಗುತ್ತಿದೆ ಎಂದು ಇನ್ನೊಂದು. ಎರಡೂ ತಾಳೆಯಾಗಲಿಲ್ಲ ಎಂದರೆ ಕಾರು ಜಾರುತ್ತಿದೆ ಎಂದು ಅರ್ಥ. ಆಗ ನಾಲ್ಕು ಗಾಲಿಗೂ ಅಲ್ಲ, ಬೇಕಾದ ಒಂದೇ ಗಾಲಿಗೆ ತಾನೇ ಬ್ರೇಕು ಹಾಕುತ್ತದೆ. ಹಿಂಭಾಗ ಬೀಸಿಕೊಂಡು ಹೋದರೆ ಹೊರಮಗ್ಗುಲಿನ ಮುಂದಿನ ಗಾಲಿ. ಮುಂಭಾಗ ತಿರುಗದೆ ನೆಟ್ಟಗೆ ಜಾರಿದರೆ ಒಳಮಗ್ಗುಲಿನ ಹಿಂದಿನ ಗಾಲಿ. ಎಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ. ಮನುಷ್ಯ ಗಾಬರಿಬಿದ್ದು ಕಾಲು ಎತ್ತುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ.

ನಾನು ಆ ಬೀಜಗಳನ್ನೇ ನೋಡುತ್ತ ಕೂತೆ. "ಹಂಗಾರೆ ಅದು ನಮ್ಮತ್ತೆ ಇದ್ದಂಗೆ ಐತೆ ಬಿಡಪ್ಪ. ನಾನು ಬಾಯಲ್ಲಿ ಏನಂದೆ, ಕಾಲು ಎತ್ತ ಹೋದ್ವು, ಎರಡನ್ನೂ ನೋಡ್ತಿದ್ಲು. ತಾಳೆ ಬೀಳ್ಲಿಲ್ಲ ಅಂದ್ರೆ ಸೆರಗಿನ ಒಂದು ತುದಿ ಹಿಡಿದು ಜಗ್ಗೋಳು. ಅಲ್ಲಿಗೆ ನಾನು ನೆಟ್ಟಗೆ."

ಒಳಗೆ ಮಜ್ಜಿಗೆ ಕಡೆಯುತ್ತಿದ್ದ ದುರ್ಗಾ, "ಅಂಥದ್ದು ನಮ್ಮನೇಲೂ ಒಂದೈತೆ ಸಾರ್. ಬ್ಯಾಟರಿನೂ ಬ್ಯಾಡ" ಎಂದಳು.

ಬಾಯಿ ಹೆಚ್ಚಾಗಿದೆ ಅವಳಿಗೆ. ಆದರೂ ನಗು ಬಂತು.

೨ ನವೆಂಬರ್, ಭಾನುವಾರ

ಡಾಕ್ಟರು ಹೇಳದೆ ಕೇಳದೆ ಬಂದು ಪರಮೇಶನನ್ನು ಕಾರಿನಲ್ಲಿ ಕೂರಿಸಿಕೊಂಡು, ತಾವೇ ಓಡಿಸುತ್ತ ನಮ್ಮೂರ ಕೆರೆ ಅಂಗಳಕ್ಕೆ ಇಳಿದರು. ಮೊನ್ನೆಯ ಮಳೆಗೆ ಅಲ್ಲಿ ಎರೆಮಣ್ಣು ಬೆಣ್ಣೆಯಾಗಿತ್ತು. ನಾನು ಏರಿಯ ಮೇಲೆ ನಿಂತು ನೋಡಿದೆ.

ಮೊದಲು ಒಂದು ಗುಂಡಿ ಒತ್ತಿ ಅತ್ತೆಯನ್ನು ಮಲಗಿಸಿದರಂತೆ. ಜೋರಾಗಿ ಬಂದು ಸ್ಟೇರಿಂಗು ತಿರುಗಿಸಿದ್ದೇ ತಡ, ಕಾರು ಜೇನು ಕಡಿದ ಹೋರಿಯಂತೆ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಆಮೇಲೆ ಅತ್ತೆಯನ್ನು ಎಬ್ಬಿಸಿದರು. ಅದೇ ಜೋರು, ಅದೇ ತಿರುವು. ಹಿಂಭಾಗ ಒಂದಿಷ್ಟು ಅಲುಗಿತು, ಯಾರೋ ಬಾಲ ಹಿಡಿದು ಎಳೆದಂತೆ ಹಿಂದಕ್ಕೆ ಬಂತು, ಕಾರು ಹೇಳಿದ ಕಡೆಗೆ ಹೊರಳಿ ಹೋಯಿತು.

ಆಮೇಲೆ ಇಳಿದು ಹೋಗಿ ಮಣ್ಣಿನಲ್ಲಿ ಮೂಡಿದ್ದ ಗುರುತು ನೋಡಿದೆ. ಒಂದು, ಮಕ್ಕಳು ಸ್ಲೇಟಿನ ಮೇಲೆ ಗೀಚಿದಂತೆ. ಇನ್ನೊಂದು, ಕುಡುಗೋಲು ಬಾಗಿದಂತೆ ಸಾಪಾಗಿ. ಎಷ್ಟು ಚೆಂದ ಬಗ್ಗಿತ್ತು ಎಂದರೆ ದಾಟುವಾಗ ತುಳಿಯಲು ಮನಸ್ಸಾಗದೆ ಸುತ್ತಿ ಬಂದೆ.

ಪರಮೇಶ ಅಷ್ಟರಲ್ಲಿ ಇಳಿದು, ಜಾಲಿ ಗಿಡದ ಹಿಂದೆ ವಾಂತಿ ಮಾಡಿ, ಮನೆ ಕಡೆ ನಡೆದಿದ್ದ. ಮೈ ಉರಿದುಹೋಯಿತು. "ಲೇ, ಯಂತ್ರಕ್ಕಿರೋ ಧೈರ್ಯ ನಿನಗಿಲ್ವಲ್ಲೋ. ಆ ಮೀಸೆ ಯಾಕೆ ಇಟ್ಕಂಡಿದೀಯ, ಅದನ್ನಾದ್ರೂ ಬೋಳಿಸು" ಎಂದೆ.

೩ ನವೆಂಬರ್

ಪರಮೇಶ ಮೀಸೆ ತೆಗೆದಿದ್ದಾನೆ.

ಮುದ್ದೆಯ ಮೇಲೆ ಇಷ್ಟು ತುಪ್ಪ ಹೆಚ್ಚಿಗೆ ಹಾಕಿದೆ.

೧೬ ನವೆಂಬರ್, ಭಾನುವಾರ

ಶನಿವಾರ ಡಾಕ್ಟರು ಕಾರನ್ನು ನಮ್ಮ ಮನೆ ಮುಂದೆಯೇ ಬಿಟ್ಟು ಬಸ್ಸಿಗೆ ಹೋದರು. ಬೀಗದಕೈ ಕಟ್ಟೆಯ ಮೇಲಿಟ್ಟು, "ಸೋಮವಾರ ಯಾರಾದ್ರೂ ತಗಂಡು ಬರ್ರಿ" ಎಂದರು. ಯಾರಾದರೂ ಅಂತೆ. ಈ ಮನೆಯಲ್ಲಿ ನಾನು ಓಡಿಸಲೇ?

ಬೆಳಿಗ್ಗೆಯಿಂದ ಪರಮೇಶ ಕಾರಿನ ಸುತ್ತ ತಿರುಗಿದ. ಒರೆಸಿದ್ದನ್ನೇ ಒರೆಸಿದ. ಕೊನೆಗೆ ನಾನೇ ಹಿಂದಿನ ಬಾಗಿಲು ತೆಗೆದು ಕೂತೆ.

"ಅವ್ವ, ಇಳಿ."

"ಇಳಿಯಲ್ಲ. ಕೆರೆ ಅಂಗಳಕ್ಕೆ ಹೋಗಾಣ ನಡಿ. ಬಿದ್ರೆ ನಾನೊಬ್ಬಳು ಮುದುಕಿ. ಪೊರೆ ತೆಗೆಯೋ ಯಾರ ಕೈನೂ ಮುರಿಯಲ್ಲ."

ಅವನು ನನ್ನ ಮುಖ ನೋಡಿದ. ಹಾಗೆ ಅನ್ನಬೇಕು ಎಂದುಕೊಂಡು ಅಂದದ್ದಲ್ಲ, ಬಾಯಿಗೆ ಬಂತು. ಅವನು ಒಳಗೆ ಕೂತ.

ಮೊದಲು ಎಮ್ಮೆ ನಡೆದಂತೆ ನಡೆಸಿದ. ಆಮೇಲೆ ಒಂದು ಸುತ್ತು, ಇನ್ನೊಂದು ಸುತ್ತು. ನೀರಿನ ಬದಿಯ ಒದ್ದೆ ಮಣ್ಣಿಗೆ ಬಂದಾಗ ನನ್ನ ಕುಂಡಿಯ ಕೆಳಗೆ ಕಾರು ಪಕ್ಕಕ್ಕೆ ಹೊರಟಿತು. ಮುಂದಿನ ಸೀಟನ್ನು ಅವುಚಿ ಹಿಡಿದೆ. ಆ ಕ್ಷಣಕ್ಕೇ ಅಡಿಯಲ್ಲಿ ಯಾರೋ ಹಲ್ಲು ಕಡಿದಂತೆ ಕರಕರ ಎಂದಿತು. ಅವನ ಮುಂದೆ ಒಂದು ಹಳದಿ ದೀಪ ಮಿಣಮಿಣ ಎಂದಿತು. ಕಾರು ನೆಟ್ಟಗಾಯಿತು. ಪರಮೇಶನ ಕತ್ತು ಮಾತ್ರ ನನಗೆ ಕಾಣುತ್ತಿತ್ತು. ಬೆವರು ಇಳಿಯುತ್ತಿತ್ತು. ಆದರೆ ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೋದ.

ಈ ಹಳದಿ ದೀಪದಲ್ಲಿ ಪುಟ್ಟ ಕಾರು, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆ ಬರೆದಿದ್ದಾರೆ. ಓದು ಬಾರದವರಿಗೂ ತಿಳಿಯುತ್ತದೆ. ಬರೆದವನು ಬುದ್ಧಿವಂತ.

ನಮ್ಮೆಜಮಾನರು ಗಾಡಿ ಹೊಡೆಯುತ್ತಿದ್ದುದು ನೆನಪಾಯಿತು. ಮಳೆಗಾಲದಲ್ಲಿ ಎರೆ ಹೊಲದ ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಕಾಲುವೆ ಕಡೆ ಜಾರಿದರೆ, ಅವರು ಕೆಳಗೆ ಹಾರಿ, ಪಕ್ಕದಲ್ಲಿ ಓಡುತ್ತ, ಮರದ ತುಂಡನ್ನು ಒಂದೇ ಗಾಲಿಗೆ ಒತ್ತಿ ಹಿಡಿಯುತ್ತಿದ್ದರು. ಗಾಡಿ ಆ ಕಡೆಗೆ ಎಳೆದುಕೊಂಡು ಸರಿಯಾಗುತ್ತಿತ್ತು. ಒಮ್ಮೆ ತಪ್ಪಿ ಹೆಬ್ಬೆರಳು ಹೋಯಿತು. ಡಾಕ್ಟರಿಗೆ ಇದನ್ನು ಹೇಳಿ, "ಇದೇ ತಾನೇ?" ಎಂದು ಕೇಳಬೇಕು. ಆದರೆ ನಮ್ಮೆಜಮಾನರಿಗೆ ಸಿಗುತ್ತಿದ್ದುದು ಒಂದೇ ಗಾಲಿ, ಅದೂ ಕಣ್ಣಿಗೆ ಕಂಡ ಮೇಲೆ. ಇದು ಕತ್ತಲಲ್ಲೂ, ಡ್ರೈವರಿಗೇ ತಿಳಿಯುವ ಮೊದಲೇ, ನಾಲ್ಕರಲ್ಲಿ ಯಾವುದು ಎಂದು ಆರಿಸುತ್ತದೆ. ಯಾವ ತಾಯಿ ಹೆತ್ತ ಮಗ ಇದನ್ನು ಮಾಡಿದನೋ, ಅವನ ಹೆಬ್ಬೆರಳು ತಣ್ಣಗಿರಲಿ.

೧ ಡಿಸೆಂಬರ್, ಸೋಮವಾರ

ಇವತ್ತು ಪರಮೇಶ ಡಾಕ್ಟರನ್ನು ಕೂರಿಸಿಕೊಂಡು ಹೊಸದುರ್ಗಕ್ಕೆ ಹೋದ. ಆ ಸೋಮವಾರ ಕಾರನ್ನು ತಾನೇ ಒಯ್ದು ಕೊಟ್ಟಾಗಿನಿಂದ ಹದಿನೈದು ದಿನ ಖಾಲಿ ಕಾರು ಓಡಿಸಿ ಅಭ್ಯಾಸ ಮಾಡಿದ್ದ; ನನ್ನನ್ನು ಬಿಟ್ಟರೆ ಜನ ಕೂರಿಸಿಕೊಂಡದ್ದು ಇವತ್ತೇ. ನಮ್ಮ ಮನೆ ಮುಂದೆ ಎರಡು ಸಲ ಹಾರನ್ ಹೊಡೆದ, ಹಿಂದೆಲ್ಲ ಹೊಡೆಯುತ್ತಿದ್ದಂತೆ.

ನಾನೇನು ಕಾಯುತ್ತ ಕೂರಲಿಲ್ಲ. ಮೆಣಸಿನಕಾಯಿ ಒಣಗಿಸಲು ಆಚೆ ಬಂದೆ, ಅಷ್ಟೆ. ಬಿಸಿಲು ಹೋದ ಮೇಲೂ ಯಾಕೆ ಒಣಗಿಸುತ್ತಿದ್ದೀರಿ ಎಂದು ದುರ್ಗಾ ಕೇಳಿದಳು. ಅಧಿಕಪ್ರಸಂಗಿ. ಅವಳೇಕೆ ಮೂರು ಸಲ ಬಾಗಿಲಿಗೆ ನೀರು ಹಾಕಿದಳು?

ದೀಪ ಹಚ್ಚುವ ಹೊತ್ತಿಗೆ ಹಾರನ್ ಕೇಳಿತು. ಆಮೇಲೆ ಮೆಣಸಿನಕಾಯಿ ಒಳಗೆ ತಂದೆ.

ಊಟಕ್ಕೆ ಕೂತಾಗ ಕೇಳಿದೆ, "ಅತ್ತೆ ಏನಾದ್ರೂ ಸೆರಗು ಜಗ್ಗಿದ್ಲಾ?"

"ಇಲ್ಲವ್ವ. ನಾನೇ ನಿಧಾನಕ್ಕೆ ಹೋದೆ." ಮುದ್ದೆ ಮುರಿಯುತ್ತ, "ಅದು ಇದ್ರೂ ಒಂದೇ ಬಿಟ್ರೂ ಒಂದೇ. ಹೋದ್ಸಲ ತಪ್ಪಿದ್ದು ನನ್ನ ಕೈಯೇ. ಕಾರೇನು ಮಾಡೀತು" ಎಂದ.

ಚಹಾ ಲೋಟ ಇನ್ನೂ ತುಳುಕುತ್ತಿದೆ.

೨೦ ಡಿಸೆಂಬರ್, ಶನಿವಾರ

ಹುರುಳಿ ಕಿತ್ತಾಗಿದೆ. ಚೆನ್ನಾಗಿ ಬಂದಿದೆ. ಪಕ್ಕದ ಹೊಲದ ಬೋರಪ್ಪ ಬಂದು, "ಅಕ್ಕ, ಕಣ ಮಾಡಿ, ಸಗಣಿ ಬಳಿದು, ಎತ್ತು ಕಟ್ಟಿ ಯಾವ ಕಾಲಕ್ಕೆ ಮುಗೀತದೆ? ಸೋಮವಾರ ರಸ್ತೆಗೆ ಹಾಕಾಣ. ಬಸ್ಸಿನೋರು ಪುಕ್ಕಟೆ ಒಕ್ಕಿ ಕೊಡ್ತಾರೆ" ಎಂದ.

ಮೊದಲಿಂದಲೂ ಹಾಗೇ ಮಾಡುವುದು. ರಸ್ತೆ ಯಾರಪ್ಪನದು? ಎಲ್ಲರದು. ಹೋದ ಸುಗ್ಗಿಯ ಆ ಮೂರ್ಖರಂತೆ ನಾವು ತಿರುವಿನಲ್ಲಿ ಹರಡುವವರಲ್ಲ. ನಮ್ಮೂರ ರಸ್ತೆ ನೇರ ಇದೆ. ಪರಮೇಶ ಬೆಳಿಗ್ಗೆ ಹೊಸದುರ್ಗದ ಕಡೆ ದಾಟಿದ ಮೇಲೆ ಹರಡಿ, ಅವನು ದೀಪ ಹಚ್ಚುವ ಹೊತ್ತಿಗೆ ಬರುವಷ್ಟರಲ್ಲಿ ಬಾಚಿಕೊಂಡರಾಯಿತು. ಅವನಿಗೆ ಹೇಳುವುದೇನೂ ಬೇಡ. ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾನೆ.

೨೨ ಡಿಸೆಂಬರ್, ಸೋಮವಾರ

ಎಲ್ಲರೂ ಜೀವಂತ ಇದ್ದೇವೆ. ಬರೆಯಲು ಕೈ ಬರುತ್ತಿಲ್ಲ.

೨೩ ಡಿಸೆಂಬರ್, ಮಂಗಳವಾರ

ಈಗ ಬರೆಯುತ್ತೇನೆ.

ನಿನ್ನೆ ಬೋರಪ್ಪ ನನಗಿಂತ ಮೊದಲೇ ಬಂದು ನೇರ ರಸ್ತೆಯನ್ನೆಲ್ಲ ತನ್ನ ಹುರುಳಿಯಿಂದ ತುಂಬಿಸಿದ್ದ. ಹಾಗಾಗಿ ನನ್ನದು ಹುಣಸೆ ಮರದ ತಿರುವಿನ ಕಡೆಗೆ ಒಂದಿಷ್ಟು ಸರಿಯಿತು. ಮಧ್ಯಾಹ್ನದ ತನಕ ಬಸ್ಸುಗಳು ಚೆನ್ನಾಗಿ ತುಳಿದವು. ಬಿಸಿಲು ಇಳಿಯುವ ಮೊದಲೇ ಬೋರಪ್ಪ ತನ್ನದನ್ನು ಬಾಚಿಕೊಂಡು ಹೋದ. ನಾನು ಬಗ್ಗಿ, ಕೋಲಿನಿಂದ ಗಿಡ ತಿರುವಿ ಹಾಕುತ್ತಿದ್ದೆ. ಹೊಸದುರ್ಗದಲ್ಲಿ ನಿನ್ನೆ ರೋಗಿಗಳು ಕಮ್ಮಿಯಂತೆ, ಬೇಗ ಹೊರಟರಂತೆ. ಅದು ನನಗೇನು ಗೊತ್ತು?

ತಿರುವಿನಲ್ಲಿ ಕಾರು ಬಂತು. ತಲೆ ಎತ್ತಿದೆ. ಗಾಜಿನ ಹಿಂದೆ ನನ್ನ ಮಗನ ಮುಖ.

ಓಡಬೇಕು ಎಂದು ಹೊಳೆಯಲೇ ಇಲ್ಲ. ಕೋಲು ಹಿಡಿದುಕೊಂಡು ಬೆದರುಬೊಂಬೆಯಂತೆ ನಿಂತೆ. ಅವನು ಸ್ಟೇರಿಂಗು ಆಚೆ ತಿರುಗಿಸಿದ. ಗಾಲಿ ಹುರುಳಿ ಗಿಡದ ಮೇಲೆ ಬಂತು. ಕಾರಿನ ಹಿಂಭಾಗ ಬೀಸಿಕೊಂಡು ನನ್ನ ಕಡೆಗೇ ಹೊರಟಿತು. ಆ ಬಿಳಿ ಬಾಗಿಲು ಗೋಡೆ ಬರುವಂತೆ ಬಂತು. ಆಗ ಅದೇ ಸದ್ದು, ಹಲ್ಲು ಕಡಿಯುವ ಸದ್ದು. ಹೊರಮಗ್ಗುಲಿನ ಮುಂದಿನ ಗಾಲಿಯೋ ಯಾವುದೋ, ಅತ್ತೆ ಯಾವುದನ್ನು ಹಿಡಿದಳೋ ಅವಳಿಗೇ ಗೊತ್ತು. ಬರುತ್ತಿದ್ದ ಗೋಡೆ ಅರ್ಧಕ್ಕೆ ನಿಂತು, ಹಿಂದಕ್ಕೆ ಸರಿದು, ನನ್ನ ಸೆರಗಿಗೆ ಗಾಳಿ ಹೊಡೆದು, ಮುಂದೆ ಹೋಗಿ ರಸ್ತೆಯ ಮೇಲೇ ನಿಂತಿತು. ಚರಂಡಿ ಇದ್ದಲ್ಲೇ ಇತ್ತು. ನಾನೂ ಇದ್ದಲ್ಲೇ ಇದ್ದೆ.

ಪರಮೇಶ ಇಳಿದು ಬಂದ. ಹುಟ್ಟಿದಾಗಿನಿಂದ ನನ್ನೆದುರು ದನಿ ಎತ್ತಿದವನಲ್ಲ.

"ಏನವ್ವ ಇದು? ರಸ್ತೆ ನಿಮ್ಮಪ್ಪಂದು ಅನ್ಕಂಡಿದೀಯಾ? ಇವತ್ತು ನಿನ್ನ ಹೆಣ ನಾನೇ ಎತ್ತಬೇಕಿತ್ತು! ತಿರುವಿನಾಗೆ ಹರಡಿದೀಯಲ್ಲ, ಬುದ್ಧಿ ಏನು ಹೊಟ್ಟಿನ ಜೊತೆ ತೂರಿಬಿಟ್ಟಿಯಾ?"

ಊರ ಜನ ಸೇರಿದರು. ನನಗೆ ನಾಚಿಕೆ, ಸಿಟ್ಟು, ಎರಡೂ. ಅವನು ನನ್ನ ಮುಖದ ಮುಂದೆ ಬೆರಳು ಹಿಡಿದು ಬೈಯುತ್ತಿದ್ದ. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅದು ನಡುಗುತ್ತಿರಲಿಲ್ಲ.

ಡಾಕ್ಟರು ಇಳಿದು ಬಂದು, ನನ್ನನ್ನು ಹುಣಸೆ ಮರದ ಬುಡದಲ್ಲಿ ಕೂರಿಸಿ ನಾಡಿ ನೋಡಿದರು. ನಾನು ಕೇಳಿದೆ, "ಅತ್ತೆ ಕಾಪಾಡಿದ್ಲು, ಅಲ್ವೇನಪ್ಪ?"

"ಅರ್ಧ ಅಜ್ಜಿ, ಅರ್ಧ. ಅವನು ಎತ್ತ ಹೋಗ್ಬೇಕು ಅಂತ ಸ್ಟೇರಿಂಗು ಹಿಡಿದ್ನೋ ಅತ್ತ ಅದು ಒಯ್ತು. ಅವನು ಕಣ್ಣು ಮುಚ್ಚಿ ಕೈ ಬಿಟ್ಟಿದ್ರೆ ಅದಕ್ಕೆ ದಾರಿ ಹೇಳೋರು ಯಾರು? ಇನ್ನೂ ಜೋರಾಗಿ ಬಂದಿದ್ರೆ ಅದರ ಕೈಲೂ ಆಗ್ತಿರಲಿಲ್ಲ. ರಸ್ತೆ ಮೇಲೆ ಹಿಡಿತ ಎಷ್ಟಿರ್ತದೋ ಅಷ್ಟರಾಗೇ ಅದರ ಆಟ."

ಅಷ್ಟು ಹೇಳಿ ಅವರು ಪರಮೇಶನ ಕಡೆ ತಿರುಗಿದರು. "ಪರಮೇಶ, ಹೋದ್ಸಲ ನಾನು ನಿನ್ನ ಹಿಂದೆನೇ ಕುಂತಿದ್ದೆ. ನಿನ್ನ ಕೈ ನೋಡ್ತಿದ್ದೆ. ಇವತ್ತೂ ನೋಡ್ದೆ. ಅದೇ ಹುರುಳಿ, ಅಂಥದೇ ತಿರುವು. ಅವತ್ತೂ ನೀನು ಹಿಂಗೇ ತಿರುಗಿಸಿದ್ದೆ, ಒಂದು ಬೆಟ್ಟು ಅತ್ತಿತ್ತ ಇಲ್ಲ. ಆ ಕಾರಲ್ಲಿ ಇದು ಇರಲಿಲ್ಲ, ಅಷ್ಟೇ."

ಪರಮೇಶ ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಯಾರೋ ಇಸಕೊಂಡು ಹೋದ ಸಾಮಾನು ವಾಪಸು ಕೊಟ್ಟಂತೆ. ಆಮೇಲೆ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತ. ಅಷ್ಟು ಜನರ ಎದುರು. ನಾನು ಎದ್ದು ಹೋಗಿ ಸೆರಗಿನಲ್ಲಿ ಮುಖ ಒರೆಸಿದೆ. "ಅಳು ಮಗನೆ" ಎಂದೆ. ಮೀಸೆಯ ಮಾತು ಎತ್ತಲಿಲ್ಲ.

ದುರ್ಗಾ ಕಾರಿನ ಮುಂದಿನ ಗಾಲಿಗೆ ಅರಿಶಿನ ಕುಂಕುಮ ಇಟ್ಟಳು. "ಯಾವ ಗಾಲಿ ಅಂತ ಗೊತ್ತಿಲ್ಲ ಕಣೆ" ಎಂದೆ. ನಾಲ್ಕಕ್ಕೂ ಇಟ್ಟಳು.

೮ ಜನವರಿ ೨೦೦೯, ಗುರುವಾರ

ಉಳಿದ ಹುರುಳಿಯನ್ನು ಕಣದಲ್ಲಿ ಒಕ್ಕಿಸುತ್ತಿದ್ದೇನೆ. ಸಗಣಿ ಬಳಿದ ಕಣದಲ್ಲಿ ಮಣ್ಣು ಸೇರುವುದಿಲ್ಲ, ಕಾಳು ಚೊಕ್ಕಟ ಬರುತ್ತದೆ. ರಸ್ತೆಯದಕ್ಕೆ ಟಾರಿನ ವಾಸನೆ.

ಬೆಳಿಗ್ಗೆ ನೋಡಿದರೆ ಬೋರಪ್ಪ ತಿರುವಿನಲ್ಲಿ ರಾಗಿ ತೆನೆ ಹರಡುತ್ತಿದ್ದಾನೆ. ಪೊರಕೆ ತೆಗೆದುಕೊಂಡು ಹೋಗಿ ಅಷ್ಟನ್ನೂ ಬದಿಗೆ ಗುಡಿಸಿದೆ. "ರಸ್ತೆ ನಿಮ್ಮಪ್ಪಂದೇನಲೇ?" ಎಂದೆ.

"ಅಕ್ಕ, ಮೊನ್ನೆ ಮೊನ್ನೆ ನಿಂದೂ ಇಲ್ಲೇ ಬಿದ್ದಿತ್ತಲ್ಲ!"

"ಅದು ಬೇರೆ."

ಹೇಗೆ ಬೇರೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದೆ. ಎಲ್ಲರ ಕಾರಿನಲ್ಲೂ ಅತ್ತೆ ಇರುವುದಿಲ್ಲ. ಬಸ್ಸಿನಲ್ಲಿ ಇಲ್ಲ, ಲಾರಿಯಲ್ಲಿ ಇಲ್ಲ, ಬೋರಪ್ಪನ ಅಳಿಯನ ಜೀಪಿನಲ್ಲಂತೂ ಬ್ರೇಕೇ ಇಲ್ಲ. ನಮ್ಮ ಕಣದಲ್ಲಿ ಜಾಗ ಇದೆ, ಅಲ್ಲಿಗೆ ತಾ ಎಂದೆ. ಗೊಣಗಿಕೊಂಡು ತಂದ.

ಪರಮೇಶನ ಮೀಸೆ ಮತ್ತೆ ದಪ್ಪಗಾಗಿದೆ. ಡಾಕ್ಟರು ಬಾಡಿಗೆ ಡ್ರೈವರನ್ನು ಹೊಸ ವರ್ಷಕ್ಕೆ ಕಳಿಸಿಬಿಟ್ಟರು.

೧೯ ಜನವರಿ, ಸೋಮವಾರ

ಹೊಸ ಹುರುಳಿಯ ಸಾರು ಮಾಡಿದೆ. ಕಟ್ಟು ಬಸಿದು, ಬೆಳ್ಳುಳ್ಳಿ ಜಜ್ಜಿ ಹಾಕಿ, ಒಲೆಯ ಮೇಲಿಟ್ಟು ಕೋಣೆಯಲ್ಲಿ ಒಂದು ಗಳಿಗೆ ಅಡ್ಡಾದೆ. ನಿದ್ದೆ ಹತ್ತಿತು. ಸೋಮವಾರ ಸಂಜೆ ಪರಮೇಶನ ಹಾರನ್ ಕೇಳುವ ತನಕ ನಾನು ಮಲಗುವವಳಲ್ಲ, ಈ ಸಲ ಹೇಗೆ ಹತ್ತಿತೋ. ಸಾರು ಉಕ್ಕಿ ಒಲೆಗೆ ಚುಂಯ್ ಎಂದಾಗ ಎಚ್ಚರವಾಗಿ ಓಡಿದೆ.

ಅಡುಗೆಮನೆಯಲ್ಲಿ ಪರಮೇಶ ಆಗಲೇ ತಟ್ಟೆ ಹಾಕಿಕೊಂಡು ಕೂತಿದ್ದಾನೆ. ಒಂದು ಕೈಯಲ್ಲಿ ಅಂಚಿನ ತನಕ ತುಂಬಿದ ಚಹಾ ಲೋಟ, ಒಂದು ಹನಿ ತುಳುಕಿಲ್ಲ.

"ಯಾವಾಗ ಬಂದ್ಯೋ?"

"ಆಗ್ಲೇ ಬಂದೆ. ಎರಡು ಸಲ ಹಾರನ್ ಹೊಡೆದೆ, ಕೇಳ್ಲಿಲ್ವಾ?"

ಕೇಳಲಿಲ್ಲ. ಒಂದು ವರ್ಷಕ್ಕೆ ನನ್ನ ಕಿವಿ ಇಷ್ಟು ಮಂದವಾಗಿದೆ ಎಂದರೆ ನೋಡು. ನಿರಂಜನ್ ಡಾಕ್ಟರನ್ನು ಕೇಳೋಣ ಎಂದರೆ ಅವರು ಬರೀ ಕಣ್ಣಿನವರು. ಸಾರು ಉಕ್ಕಿದ್ದು ಮಾತ್ರ ಕೋಣೆಯ ತನಕ ಸರಿಯಾಗಿ ಕೇಳಿಸಿತ್ತಲ್ಲ, ಅದೇ ಆಶ್ಚರ್ಯ.